ಎಲ್ಲರಿಗೂ ಒಂದೊಂದು ಸರದಿ

ಹಂಚಿಕೊಂಡು ಉಣ್ಣಬೇಕು ಎಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಹೇಗೆ ಹಂಚಬೇಕು ಎಂಬುದನ್ನು ಮಾತ್ರ ಯಾರೂ ಅಷ್ಟು ಬಿಡಿಸಿ ಹೇಳಿದಂತಿಲ್ಲ. ಹೋಳಿಗೆಯಾದರೆ ತಲೆಗೆ ಎರಡು ಎಂದು ಎಣಿಸಿಬಿಡಬಹುದು. ಆದರೆ ಮನೆಯಲ್ಲಿ ಒಬ್ಬರಿಗೆ ಹಲ್ಲಿಲ್ಲ, ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬ ಬೆಳೆಯುವ ಹುಡುಗ ಎಂದಾಗ ಆ ಎಣಿಕೆಯೂ ಕೈಕೊಡುತ್ತದೆ. ಬಡಿಸುವ ಹೆಂಗಸಿಗೆ ಇದು ಗೊತ್ತು. ಅವಳು ಎಣಿಸುವುದಿಲ್ಲ, ಎಲೆ ನೋಡಿ ಬಡಿಸುತ್ತಾಳೆ. ಬಡಿಸುವವರ ಕಣ್ಣಿಗೆ ಎಲೆಯೇ ಕಾಣದಿದ್ದರೆ ಏನು ಮಾಡಬೇಕು? ಹಂಚುವ ಪದಾರ್ಥವೂ ಕಾಣದಿದ್ದರೆ? ಇಂಥದೊಂದು ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಟಿ.ವಿ.ಯ ಪಕ್ಕದಲ್ಲಿ ಕೂತ ಅಂಗೈಯಗಲದ ಒಂದು ಪೆಟ್ಟಿಗೆಯಿಂದ.

ನಮ್ಮದು ಸವಳಂಗ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿ ದೊಡ್ಡ ಕೆರೆ ಕಂಡರೆ ನಮ್ಮೂರು ಬಂತೆಂದು ಲೆಕ್ಕ. ಮನೆ ಮಾವನವರ ಕಾಲದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳು. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡಿಗೆಮನೆ, ಕೊನೆಗೆ ಹಿತ್ತಲಿಗೆ ತಾಗಿಕೊಂಡು ಅತ್ತೆಯವರ ಕೋಣೆ. ಪಡಸಾಲೆಯಲ್ಲಿ ಟಿ.ವಿ., ಅದರ ಪಕ್ಕ ಸಿನಿಮಾ ಧಾರಾವಾಹಿಗಳನ್ನು ಇಂಟರ್‌ನೆಟ್ಟಿನಿಂದ ತಂದು ತೋರಿಸುವ ಆ ಮೀಡಿಯಾ ಪ್ಲೇಯರ್, ಅದರ ಪಕ್ಕದಲ್ಲೇ ಮನೆಗೆಲ್ಲ ವೈಫೈ ಕೊಡುವ ರೌಟರ್. ಹಗಲೆಲ್ಲ ಚೆನ್ನಾಗಿಯೇ ಓಡುವ ಚಿತ್ರ, ಸಂಜೆ ಏಳೂವರೆಯಾಯಿತೆಂದರೆ ನಿಂತು ನಿಂತು ಬರುತ್ತಿತ್ತು. ನಾಯಕ ಬಾಯಿ ತೆರೆದವನು ತೆರೆದಂತೆಯೇ ಇರುತ್ತಾನೆ. ಅವನ ಮುಖದ ಮೇಲೊಂದು ಚಕ್ರ ಗಿರಗಿರನೆ ತಿರುಗುತ್ತಿರುತ್ತದೆ.

ನಮ್ಮನೆಯವರು ಮೊದಲ ದಿನವೇ ತೀರ್ಪು ಕೊಟ್ಟರು. ಲೈನು ಕೊಟ್ಟವರದೇ ತಪ್ಪು, ಇನ್ನಷ್ಟು ದುಡ್ಡು ಕಟ್ಟಿ ದೊಡ್ಡ ಪ್ಲಾನ್ ಹಾಕಿಸಿದರೆ ಸರಿಹೋಗುತ್ತದೆ ಎಂದು. ಮಗ ಒಪ್ಪಲಿಲ್ಲ. ಶನಿವಾರ ಊರಿಗೆ ಬಂದವನು ತನ್ನ ಕಂಪ್ಯೂಟರಿನಲ್ಲಿದ್ದ ನಾದಿನಿಯ ಮಗಳ ಮದುವೆಯ ವಿಡಿಯೋವನ್ನು ಅದೇ ವೈಫೈ ಮೂಲಕ ಟಿ.ವಿ.ಗೆ ಹಾಕಿದ. ಆ ವಿಡಿಯೋ ಮನೆಯೊಳಗೇ ಇರುವಂಥದು, ಹೊರಗಿನ ಲೈನಿನ ಹಂಗು ಅದಕ್ಕಿಲ್ಲ. ಆದರೂ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಅದೂ ನಿಂತುಹೋಯಿತು! ಅಂದರೆ ದೋಷ ಹೊರಗಿಲ್ಲ, ಮನೆಯೊಳಗೇ ಇದೆ ಎಂದಾಯಿತು. ಆಮೇಲೆ ರೌಟರಿನಿಂದ ಪೆಟ್ಟಿಗೆಗೂ ಕಂಪ್ಯೂಟರಿಗೂ ನೇರವಾಗಿ ವೈರು ಎಳೆದು ನೋಡಿದ. ಮದುವೆ ಒಂದೇ ಸಮನೆ ನಡೆದುಹೋಯಿತು. ಹಾಗಾಗಿ ಟಿ.ವಿ.ಯೂ ಸರಿ, ಪೆಟ್ಟಿಗೆಯೂ ಸರಿ, ಲೈನಿನವರೂ ಸರಿ. ಅಡಚಣೆ ಇರುವುದು ನಡುವಿನ ಗಾಳಿಯಲ್ಲಿ. ವೈರನ್ನು ಹಾಗೆಯೇ ಬಿಡಬಹುದಿತ್ತು. ಆದರೆ ಅದು ಕೋಣೆಗಳನ್ನು ಹಾಯ್ದು ನೆಲದ ಮೇಲೆ ಬಿದ್ದಿತ್ತು, ಮನೆಯಲ್ಲಿ ಕಣ್ಣು ಮಂಜಾದ ಮುದುಕಿ ಓಡಾಡುತ್ತಾರೆ. ಬೇಡ ಎಂದೆ.

ಹೆಣ್ಣುಮಕ್ಕಳಾದ ನಾವು ಈ ರೀತಿಯ ಹುಡುಕಾಟವನ್ನು ಗಂಡಸರಿಗೆ, ಹುಡುಗರಿಗೆ ಬಿಟ್ಟುಬಿಡುತ್ತೇವೆ. ಬಿಡಬೇಕಾಗಿಲ್ಲ. ಸಾರು ಕೆಟ್ಟರೆ ಉಪ್ಪೋ ಹುಳಿಯೋ ಎಂದು ಒಂದೊಂದನ್ನೇ ಬಿಟ್ಟು ನೋಡುವ ವಿದ್ಯೆಯೇ ಇದು.

ಏಳೂವರೆಗೆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಮಗ ಕೇಳಿದ. ಅತ್ತೆಯವರು ಜಗಳೂರಿನ ತಂಗಿಯ ಜೊತೆ ವಿಡಿಯೋದಲ್ಲಿ ಮಾತಾಡುವ ಹೊತ್ತು ಅದು. ಅತ್ತೆಗೆ ಎಂಬತ್ತಮೂರು. ತಂಗಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಸವಳಂಗಕ್ಕೂ ಜಗಳೂರಿಗೂ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇನ್ನು ಒಬ್ಬರು ಇನ್ನೊಬ್ಬರ ಮನೆಗೆ ಹೋಗಿಬರುವುದು ಆಗದ ಮಾತು. ಮಾತಾಡುವ ಹೊತ್ತು ಎಂದೆನೇ ಹೊರತು ಅವರು ಮಾತಾಡುವುದು ಕಡಿಮೆ. "ಉಂಡೇನೇ?" "ಇನ್ನೂ ಇಲ್ಲ ಕಣಕ್ಕ." ಅಷ್ಟಾದ ಮೇಲೆ ಅತ್ತೆ ಫೋನನ್ನು ಕುಂಕುಮದ ಭರಣಿಗೆ ಒರಗಿಸಿ ಬತ್ತಿ ಹೊಸೆಯುತ್ತ ಕೂರುತ್ತಾರೆ. ಆ ಕಡೆ ತಂಗಿ ಸುಮ್ಮನೆ ನೋಡುತ್ತ ಮಲಗಿರುತ್ತಾಳೆ. ಮುಕ್ಕಾಲು ಗಂಟೆ ಹೀಗೆ. ಫೋನು ಮೊಮ್ಮಗ ಬಳಸಿ ಬಿಟ್ಟದ್ದು, ಬಹಳ ಹಳೆಯದು.

ರೌಟರಿಗೂ ಅತ್ತೆಯವರ ಫೋನಿಗೂ ನಡುವೆ ಮೂರು ಮಣ್ಣಿನ ಗೋಡೆ, ಒಂದು ಕಬ್ಬಿಣದ ಬೀರು. ಅಷ್ಟು ದಾಟಿ ಬರುವಾಗ ತರಂಗ ಸೊರಗಿರುತ್ತದೆ. ಸೊರಗಿದ ದನಿ ಅರ್ಥವಾಗಬೇಕೆಂದರೆ ರೌಟರ್ ನಿಧಾನವಾಗಿ ಮಾತಾಡಬೇಕು. ಇದು ನನಗೆ ಕೂಡಲೇ ತಿಳಿಯಿತು, ಏಕೆಂದರೆ ಅತ್ತೆಗೆ ಕಿವಿಯೂ ಮಂದ. ಅವರಿಗೆ ಏನಾದರೂ ಹೇಳಬೇಕಾದರೆ ಹತ್ತಿರ ಹೋಗಿ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳುತ್ತೇವೆ. ಬೇರೆಯವರಿಗೆ ಅರ್ಧ ನಿಮಿಷದಲ್ಲಿ ಹೇಳುವುದಕ್ಕೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ಮನೆಯಲ್ಲಿ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ವೈಫೈಯದೂ ಇದೇ ಶಿಸ್ತು. ಒಂದು ಹಾದಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಪ್ರತಿಯೊಂದು ಯಂತ್ರವೂ ಮೊದಲು ಕಿವಿಗೊಟ್ಟು ಕೇಳುತ್ತದಂತೆ, ಯಾರೂ ಮಾತಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತಾನು ಆರಂಭಿಸುತ್ತದಂತೆ. ನಮ್ಮ ಎಷ್ಟೋ ಸಭೆಗಳಲ್ಲಿ ಕಾಣದ ಸೌಜನ್ಯ ಇದು.

ರೇಡಿಯೋ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಉಮೇದಿನಿಂದ ಬಾನುಲಿ ಕೇಂದ್ರವೊಂದನ್ನು ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ಕೇಂದ್ರದಿಂದಲೇ. ಅದರ ಯಂತ್ರ ಪುಟ್ಟದು, ಕೇಳುವವರು ಹತ್ತಾದರೂ ಸಾವಿರವಾದರೂ ಅದಕ್ಕೆ ಭಾರ ಒಂದೇ. ನಮ್ಮ ಕಡೆಯ ಭದ್ರಾವತಿ ಆಕಾಶವಾಣಿಯನ್ನು ನಾನು ಚಿಕ್ಕವಳಿದ್ದಾಗ ಓಣಿಯ ಮನೆಮನೆಯಲ್ಲಿ ಹಾಕುತ್ತಿದ್ದರು. ಪಕ್ಕದವರು ಕೇಳಿದರೆ ನಮಗೆ ಬರುವುದು ಕಡಿಮೆಯಾಗುತ್ತದೆ ಎಂದು ಯಾರೂ ಅಂದದ್ದಿಲ್ಲ. 1987ರಲ್ಲಿ ರಾಮಾಯಣ ಧಾರಾವಾಹಿ ಬಂದಾಗಲೂ ಅಷ್ಟೆ. ಟಿ.ವಿ. ಇದ್ದವರ ಮನೆಯ ಜಗಲಿಯಲ್ಲಿ ಜಾಗ ಸಾಲುತ್ತಿರಲಿಲ್ಲವೇ ಹೊರತು ಚಿತ್ರ ಸಾಲದೆ ಹೋಗಲಿಲ್ಲ. ಅದು ತೇರಿನ ಹಾಗೆ. ಎಷ್ಟು ಜನ ನೋಡಿದರೂ ತೇರು ಸವೆಯುವುದಿಲ್ಲ. ಈಗಿನದು ಖಾನಾವಳಿ. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಬೇಕಾದದ್ದು ಬೇಕಾದಾಗ, ಬಡಿಸುವವನು ಒಬ್ಬನೇ. ಈ ಬದಲಾವಣೆಯನ್ನು ನಾವು ಸೌಕರ್ಯ ಎಂದು ಮಾತ್ರ ತಿಳಿದೆವು. ಹಂಚಿಕೆಯ ಜಗಳವೂ ಅದರ ಜೊತೆಯಲ್ಲೇ ಬಂದದ್ದು ಲಕ್ಷ್ಯಕ್ಕೆ ಬರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವೈಫೈಯ ಮೂಲ ಕಟ್ಟಳೆ ಏನೆಂದರೆ, ಎಲ್ಲರಿಗೂ ಸರದಿ ಸಮ. ಇಷ್ಟು ನ್ಯಾಯವಾದ ಕಟ್ಟಳೆಯಿಂದ ಏನಾಗುತ್ತದೆ ಎಂಬುದನ್ನು 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್ಲಿನ ನಾಲ್ವರು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರಂತೆ. ಗುಂಪಿನಲ್ಲಿ ಒಬ್ಬನೇ ಒಬ್ಬ ನಿಧಾನದವನಿದ್ದರೆ ಮಿಕ್ಕವರೆಲ್ಲರ ವೇಗವೂ ಅವನ ಮಟ್ಟಕ್ಕೆ ಇಳಿಯುತ್ತದೆ. ಮಗ ಇದನ್ನು ವಿವರಿಸುವಾಗ ನನಗೆ ಕಂಪ್ಯೂಟರು ಕಾಣಲಿಲ್ಲ, ನನ್ನ ಎಂಟನೆಯ ತರಗತಿ ಕಂಡಿತು.

ಕನ್ನಡ ಪಾಠ. ಮಕ್ಕಳು ಸರದಿಯ ಮೇಲೆ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ಒಬ್ಬ ಹುಡುಗ ಒಂದು ನಿಮಿಷದಲ್ಲಿ ಓದಿ ಮುಗಿಸುತ್ತಾನೆ. ಒಬ್ಬ ಹುಡುಗಿ ಅಕ್ಷರ ಅಕ್ಷರ ಕೂಡಿಸಿಕೊಂಡು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ಇಬ್ಬರೇ ಇದ್ದಾರೆ, ಸರದಿ ಸಮ. ಆಗ ಒಂದು ಗಂಟೆಯಲ್ಲಿ ಇಬ್ಬರೂ ಐದೈದು ಪ್ಯಾರಾ ಓದುತ್ತಾರೆ. ಇದರ ಬದಲು ಸಮಯ ಸಮ ಮಾಡಿ, ತಲೆಗೆ ಅರ್ಧ ಗಂಟೆ. ಆಗ ಹುಡುಗ ಮೂವತ್ತು ಪ್ಯಾರಾ ಓದುತ್ತಾನೆ, ಹುಡುಗಿ ಮೂರಕ್ಕೂ ಕಡಿಮೆ. ಒಟ್ಟು ನೋಡಿದರೆ ಹತ್ತು ಇದ್ದದ್ದು ಮೂವತ್ತೆರಡು ದಾಟಿತು. ಹುಡುಗಿಗೆ ನಷ್ಟವಾದದ್ದು ಎರಡೋ ಮೂರೋ ಪ್ಯಾರಾ. ಎರಡು ಹಂಚಿಕೆಯೂ ಸಮವೇ! ಯಾವುದು ಸರಿ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಮೇಷ್ಟ್ರೊಬ್ಬರು, "ನಿಧಾನದವರನ್ನು ಎರಡು ಸಾಲಿಗೆ ಕೂರಿಸಿಬಿಡಿ ಮೇಡಂ, ಉಳಿದವರ ಕಾಲ ಯಾಕೆ ಹಾಳು" ಎಂದಿದ್ದರು. ಅವರು ಕೆಟ್ಟವರಲ್ಲ. ನಲವತ್ತು ಮಕ್ಕಳ ತರಗತಿ ಎಂದರೆ ಏನೆಂದು ಬಲ್ಲವರು. ಅವರ ಮಾತಿನಲ್ಲಿ ಲೆಕ್ಕ ತಪ್ಪಿಲ್ಲ. ಆದರೆ ಮೂವತ್ತು ಪ್ಯಾರಾ ಓದಬಲ್ಲ ಹುಡುಗನಿಗೆ ಹದಿನೈದನೆಯದರಿಂದ ಆಗುವ ಲಾಭವೆಷ್ಟು? ಐದು ಓದುತ್ತಿದ್ದ ಹುಡುಗಿ ಎರಡೂವರೆಗೆ ಇಳಿದರೆ ಆಗುವ ನಷ್ಟವೆಷ್ಟು? ಒಟ್ಟು ಮೊತ್ತ ಇದನ್ನು ಹೇಳುವುದಿಲ್ಲ. ಟಿ.ವಿ.ಯಲ್ಲಿ ಒಳ್ಳೆಯ ಚಿತ್ರ ಬರಲು ಸೆಕೆಂಡಿಗೆ ಐದು ಮೆಗಾಬಿಟ್ ಇದ್ದರೆ ಸಾಕು. ನಲವತ್ತು ಕೊಟ್ಟರೂ ನಾಯಕನ ಮೂಗು ಹೆಚ್ಚು ಚೂಪಾಗುವುದಿಲ್ಲ. ಅತ್ತೆಯವರ ಫೋನಿಗೆ ಒಂದರ ಹತ್ತಿರ ಸಿಗುತ್ತಿದ್ದುದು ಅರ್ಧಕ್ಕೆ ಇಳಿದರೆ ತಂಗಿಯ ಮುಖ ಬರೀ ಚೌಕಚೌಕವಾಗಿ ಒಡೆದು ಕಾಣುತ್ತದೆ.

ಹೊಸ ರೌಟರುಗಳಲ್ಲಿ ಸರದಿಯ ಬದಲು ಸಮಯವನ್ನು ಸಮ ಮಾಡುವ ಒಂದು ಸೌಲಭ್ಯವೇ ಇರುತ್ತದೆ. ಅದರ ಹೆಸರು ಏರ್‌ಟೈಮ್ ಫೇರ್‌ನೆಸ್. ನ್ಯಾಯ ಎಂಬ ಪದ ಹೆಸರಿನಲ್ಲೇ ಇದೆ! ಮಗ ಅದನ್ನು ಒತ್ತಲು ಬೆರಳು ಎತ್ತಿದ್ದ. "ಅಜ್ಜಿ ಕಷ್ಟಪಡ್ತಾರಲ್ಲೋ" ಎಂದೆ. "ಅಜ್ಜಿಗೆ ಗೊತ್ತೇ ಆಗಲ್ಲ ಬಿಡಮ್ಮ. ಜಗಳೂರಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಂದ್ಕೋತಾರೆ" ಎಂದ.

ಅವನು ಅಜ್ಜಿಯನ್ನು ಜೀವಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡ ಹುಡುಗ. ಆ ಮಾತಿನಲ್ಲಿ ಕಪಟ ಇರಲಿಲ್ಲ, ಅನುಕೂಲ ಇತ್ತು. ಆದರೂ ನನಗೆ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ನನ್ನ ತರಗತಿಯಲ್ಲಿ ಎರಡು ಸಾಲಿಗೆ ಕೂರಿಸಿದರೆ ಆ ಹುಡುಗಿಗೆ ಗೊತ್ತಾಗುತ್ತದೆ. ಅವಳು ಅಳಬಹುದು, ಮನೆಯಲ್ಲಿ ಹೇಳಬಹುದು, ಅವಳಪ್ಪ ಬಂದು ನನ್ನನ್ನು ಕೇಳಬಹುದು. ಹಿಂದೆ ಕೆರೆಯ ನೀರು ಹಂಚುವವನು ನೀರುಗಂಟಿ, ಆಯಗಾರರಲ್ಲಿ ಒಬ್ಬ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಟ್ಟ ಎಂಬುದು ಊರಿನ ಕಣ್ಣೆದುರಿಗೆ ನಡೆಯುವ ಸಂಗತಿ. ತಪ್ಪಿದರೆ ಕಟ್ಟೆಯ ಮೇಲೆ ನಿಲ್ಲಿಸಿ ಕೇಳುತ್ತಿದ್ದರು. ಭದ್ರಾ ನಾಲೆಯ ಕೊನೆಯ ಭಾಗದಲ್ಲಿರುವ ಮಲೇಬೆನ್ನೂರು, ಹರಿಹರದ ಕಡೆಯ ರೈತರಿಗೆ ನೀರು ತಲುಪದಿದ್ದಾಗ ಅವರು ನಾಲೆಯ ಗುಂಟ ಮೇಲಕ್ಕೆ ನಡೆದು ಹೋಗಿ ಎಲ್ಲೆಲ್ಲಿ ಪಂಪ್‌ಸೆಟ್ ಇಟ್ಟಿದ್ದಾರೆಂದು ಎಣಿಸಿ ಬರಬಹುದು, ರಸ್ತೆಗೆ ಇಳಿಯಬಹುದು. ಎಷ್ಟೋ ಸಲ ಇಳಿದಿದ್ದಾರೆ. ಅನ್ಯಾಯ ಅಲ್ಲೂ ಆಗುತ್ತದೆ, ಆದರೆ ಕಾಣುವಂತೆ ಆಗುತ್ತದೆ. ನಮ್ಮ ಮನೆಯ ನೀರುಗಂಟಿ ರೌಟರಿನ ಪಾಸ್‌ವರ್ಡ್ ಬಲ್ಲ ಇಪ್ಪತ್ತಾರರ ಹುಡುಗ. ಅವನು ತೂಬು ಅರ್ಧ ಮುಚ್ಚಿದರೆ ಅತ್ತೆ ಯಾವ ನಾಲೆಯ ಗುಂಟ ನಡೆದು ಹೋಗಿ ನೋಡಬೇಕು? ಕಡಿಮೆಯಾದದ್ದು ತನ್ನ ಪಾಲು ಎಂದೇ ತಿಳಿಯದೆ, ಪಾಪ ತಂಗಿಯ ಊರಿನಲ್ಲಿ ಏನೋ ತೊಂದರೆ ಎಂದುಕೊಂಡು ಫೋನನ್ನು ಮಗುಚಿ ಇಡುತ್ತಾರೆ. ಕಸಿದುಕೊಳ್ಳುವುದಕ್ಕಿಂತ ಗೊತ್ತಾಗದಂತೆ ಕಸಿದುಕೊಳ್ಳುವುದು ಹೆಚ್ಚಿನ ತಪ್ಪೆಂದು ನನ್ನ ಅಭಿಪ್ರಾಯ. ಗೊತ್ತಾಗದಿದ್ದರೆ ನೋವೂ ಇಲ್ಲವಲ್ಲ ಎಂದು ನೀವು ವಾದಿಸಬಹುದು. ನೋವು ಇರುತ್ತದೆ, ಅದಕ್ಕೆ ಹೆಸರಿರುವುದಿಲ್ಲ ಅಷ್ಟೆ.

"ಹಾಗಾದರೆ ಅಜ್ಜಿಯನ್ನೇ ಕೇಳೋಣ" ಎಂದ ಮಗ. ಕೇಳಿದರೆ ಅವರೇನು ಹೇಳುತ್ತಾರೆಂದು ನಮಗಿಬ್ಬರಿಗೂ ಗೊತ್ತಿತ್ತು. "ನಂದೇನು ಬಿಡ್ರವ್ವ, ನೀವು ನೋಡ್ಕೊಳ್ಳಿ" ಎನ್ನುತ್ತಾರೆ. ಈ ಮನೆಯಲ್ಲಿ ಅರವತ್ತು ವರ್ಷದಿಂದ ಅವರು ಹೇಳುತ್ತ ಬಂದದ್ದು ಅದನ್ನೇ. ಅಂಥವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಮಗ ಇನ್ನೊಂದು ದಾರಿ ಹೇಳಿದ. ರೌಟರಿನಲ್ಲಿ ಎರಡು ಹಾದಿಗಳಿವೆ, 2.4 ಮತ್ತು 5 ಗಿಗಾಹರ್ಟ್ಸ್ ಎಂದು. ಐದರದು ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಎರಡೂವರೆಗೆ ಹತ್ತಿರದ್ದು ದೂರ ಹೋಗುತ್ತದೆ, ಆದರೆ ಅಲ್ಲಿ ಸಂದಣಿ. ಟಿ.ವಿ.ಯನ್ನು ಐದಕ್ಕೆ ಹಾಕಿಬಿಟ್ಟರೆ ಅಜ್ಜಿ ಹಳೆಯ ಹಾದಿಯಲ್ಲಿ ತಮ್ಮ ಪಾಡಿಗೆ ಇರುತ್ತಾರೆ, ಯಾರ ಕಾಲಿಗೂ ಯಾರೂ ತೊಡರುವುದಿಲ್ಲ. ಕೇಳಲು ಚೆನ್ನಾಗಿದೆ, ನಿಜಕ್ಕೂ ಫಲಿಸುತ್ತದೆ ಕೂಡ. ನಿಮ್ಮ ಮನೆಯಲ್ಲಿ ಇದೇ ತೊಂದರೆ ಇದ್ದರೆ ಮೊದಲು ಮಾಡಿ ನೋಡಬೇಕಾದದ್ದು ಇದನ್ನೇ. ಮಕ್ಕಳ ವಿಷಯದಲ್ಲೂ ಇಂಥ ಏರ್ಪಾಡು ಉಂಟು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ತನ್ನ ಮೆಟ್ಟಿಲು ಹತ್ತುತ್ತದೆ, ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ಆದರೆ ನಲಿ-ಕಲಿಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ ಕಣ್ಣೆದುರು ಇರುತ್ತಾರೆ. ಹಾದಿಯೇ ಬೇರೆಯಾದಾಗಿನ ಕಥೆ ಬೇರೆ. ಅನುಕೂಲವಿದ್ದವರ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನು ಹತ್ತಿ ಹೊರಟುಹೋದ ಮೇಲೆ ಊರಿನ ಶಾಲೆಯ ಸೋರುವ ಹೆಂಚಿನ ಬಗ್ಗೆ ಪಂಚಾಯಿತಿಯಲ್ಲಿ ಕೂಗಾಡುವವರು ಕಡಿಮೆಯಾದರು. ಮನೆಗೊಂದು ಬೋರ್‌ವೆಲ್ ಬಂದ ಮೇಲೆ ಎಷ್ಟೋ ಊರಿನ ಕೆರೆಗಳ ಹೂಳು ತೆಗೆಯುವ ಮಾತು ನಿಂತಿತು. ಟಿ.ವಿ. ಚೆನ್ನಾಗಿ ಓಡತೊಡಗಿದ ಮೇಲೆ ಹಿಂದಿನ ಕೋಣೆಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನಮ್ಮಲ್ಲಿ ಯಾರು ಎದ್ದು ಹೋಗಿ ನೋಡುತ್ತಾರೆ? ಚಕ್ರ ತಿರುಗುತ್ತಿದ್ದುದರಿಂದಲೇ ನಾವು ಆ ಕೋಣೆಯವರೆಗೆ ಹೋದದ್ದು.

ಕೊನೆಗೆ ಮಾಡಿದ್ದು ಬಹಳ ಸಣ್ಣ ಕೆಲಸ. ರೌಟರನ್ನು ಪಡಸಾಲೆಯಿಂದ ಎತ್ತಿ ನಡುಮನೆಯ ಬಾಗಿಲ ಮೇಲಿನ ಹಲಗೆಗೆ ಏರಿಸಿದೆವು, ಲೈನಿನ ಹುಡುಗ ಬಂದು ಹದಿನೈದಡಿ ವೈರು ಉದ್ದ ಮಾಡಿಕೊಟ್ಟ. ಬೀರುವನ್ನು ಇನ್ನೊಂದು ಗೋಡೆಗೆ ಸರಿಸಿದೆವು. ಅತ್ತೆಯವರಿಗೂ ರೌಟರಿಗೂ ನಡುವೆ ಮೂರು ಗೋಡೆ ಇದ್ದದ್ದು ಒಂದೂವರೆಯಾಯಿತು ಎನ್ನಬಹುದು, ಏಕೆಂದರೆ ಅಡಿಗೆಮನೆಯ ಬಾಗಿಲು ಸದಾ ತೆರೆದಿರುತ್ತದೆ. ದನಿ ಹತ್ತಿರವಾದ್ದರಿಂದ ರೌಟರ್ ಬೇಗ ಬೇಗ ಮಾತಾಡಬಹುದು. ಬೇಗ ಮಾತಾಡಿದರೆ ಅತ್ತೆಯವರ ಸರದಿ ಬೇಗ ಮುಗಿಯುತ್ತದೆ. ಮುಗಿದರೆ ಮಿಕ್ಕವರ ಸರದಿ ಬೇಗ ಬರುತ್ತದೆ. ಟಿ.ವಿ. ರೌಟರಿನಿಂದ ತುಸು ದೂರವಾಯಿತು, ಆದರೂ ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ. ಮಗನಿಗೆ ಆಶ್ಚರ್ಯ. ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಹನ್ನೊಂದು ನಿಮಿಷದ ಹುಡುಗಿಯರನ್ನು ಮುಂದಿನ ಬೆಂಚಿಗೆ ಕರೆದು, ಊಟದ ಬಿಡುವಿನಲ್ಲಿ ಆ ದಿನದ ಪ್ಯಾರಾವನ್ನು ಒಮ್ಮೆ ಓದಿಸಿಟ್ಟರೆ ತರಗತಿಯಲ್ಲಿ ಅವರ ಸರದಿ ನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ಆ ಬಿಡುವು ಮಾತ್ರ ಟೀಚರದು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟಕ್ಕೆ ಪ್ರಶ್ನೆ ಮುಗಿಯಿತೆಂದರೆ ಮುಗಿಯಲಿಲ್ಲ. ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ. ಅವರ ಮನೆಯಲ್ಲಿ ಲೈನಿಲ್ಲ. ಅವಳಿಗೆ ಗಣಿತದ ಪಾಠ ನೋಡಲೆಂದು ನಾನೇ ಪಾಸ್‌ವರ್ಡ್ ಕೊಟ್ಟಿದ್ದೇನೆ. ಕಾಂಪೌಂಡಿನಾಚೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವಳು ನಮ್ಮ ವೈಫೈ ಹಿಡಿಯುತ್ತಾಳೆ. ಅತ್ತೆ ಸುಧಾರಿಸಿದ ಮೇಲೆ ಈಗ ಎಲ್ಲರಿಗಿಂತ ನಿಧಾನ ಅವಳೇ. ಮಗ ಹೇಳಿದ, "ಅಜ್ಜಿ ನಮ್ಮನೆಯವರು, ಸರಿ. ಇವಳು?" ದುಡ್ಡು ಕಟ್ಟುವವರು ನಾವು ಎಂಬುದು ನಿಜ. ಆದರೆ ನಾವು ಕಟ್ಟುವುದು ಲೈನಿಗೆ, ಗಾಳಿಗಲ್ಲ. 1995ರ ಫೆಬ್ರವರಿಯಲ್ಲಿ ಕ್ರಿಕೆಟ್ ಪಂದ್ಯಗಳ ಪ್ರಸಾರದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿದೆ. ವೈಫೈ ಓಡುವ 2.4ರ ಹಾದಿಯಂತೂ ಯಾರ ಪರವಾನಗಿಯೂ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ್ದು, ಒಂದು ಬಗೆಯ ಗೋಮಾಳ. ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ನಕ್ಕು, "ಗೋಮಾಳ ಸರಿ ಅಮ್ಮ, ಹುಲ್ಲು ನಮ್ಮದಲ್ವಾ?" ಎಂದ. ಆ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಪರೀಕ್ಷೆ ಮುಗಿಯುವವರೆಗೆ ಪಾಸ್‌ವರ್ಡ್ ಬದಲಾಯಿಸುವುದಿಲ್ಲ ಎಂದಷ್ಟು ಹೇಳಿ, ಆ ಹುಡುಗಿಯನ್ನು ಕರೆದು, ಕಲ್ಲಿನ ಮೇಲೆ ಬೇಡ, ಜಗಲಿಗೇ ಬಂದು ಕೂತ್ಕೋ ಮಗಳೇ ಎಂದೆ. ಈಗ ದಿನಾ ಏಳು ಗಂಟೆಗೆ ಪುಸ್ತಕ ಹಿಡಿದು ಬರುತ್ತಾಳೆ. ಚಕ್ರ ತಿರುಗುವುದು ನಿಂತಿದೆ. ನಮ್ಮನೆಯವರ ದೂರು ಬೇರೆಯಾಗಿದೆ. ಹುಡುಗಿ ಓದುತ್ತಾಳೆಂದು ಟಿ.ವಿ. ದನಿ ತಗ್ಗಿಸಿರುವುದರಿಂದ ಕಾಮೆಂಟ್ರಿ ಕೇಳಿಸುವುದಿಲ್ಲವಂತೆ.